ರೈಲಿಗೆ 45 ಪೈಸೆ ಸಾಕು, ವಿಮಾನಕ್ಕೆ ಆಪ್ ವಿಮೆ ಬೇಡ

ದೇಶದೊಳಗೆ ಓಡಾಡೋಕೆ ವಿಮೆ ಯಾಕೆ ಅನ್ನುವವರೇ ಜಾಸ್ತಿ. ನಾನು ಮೂರು ಬಗೆಯದ್ದನ್ನೂ ಮಾಡಿಸಿ ನೋಡಿದ್ದೇನೆ: ರೈಲು ಟಿಕೆಟ್ ಜೊತೆ ಬರುವುದು, ವಿಮಾನದ ಟಿಕೆಟ್ ಮಾಡುವ ಆಪ್‌ನಲ್ಲಿ ತಾನಾಗಿ ಸೇರಿಕೊಳ್ಳುವುದು, ವಿಮಾ ಕಂಪನಿಯಿಂದ ನೇರವಾಗಿ ಕೊಳ್ಳುವುದು. ವಿಮಾನ ಪ್ರಯಾಣಕ್ಕೆ ನನ್ನ ಓಟು ನೇರ ಪಾಲಿಸಿಗೆ.

ರೈಲಿನದ್ದಕ್ಕೆ ಚರ್ಚೆಯೇ ಬೇಡ. ಐಆರ್‌ಸಿಟಿಸಿಯಲ್ಲಿ ತಲೆಗೆ 45 ಪೈಸೆ. ರೈಲು ಅಪಘಾತದಲ್ಲಿ ಪ್ರಾಣ ಹೋದರೆ 10 ಲಕ್ಷ, ಗಾಯವಾದರೆ ಆಸ್ಪತ್ರೆ ಖರ್ಚಿಗೆ 2 ಲಕ್ಷದವರೆಗೆ. ಬ್ಯಾಗ್ ಕಳುವಾದರೆ, ರೈಲು ತಡವಾದರೆ ಏನೂ ಸಿಗುವುದಿಲ್ಲ. (3 ಗಂಟೆಗಿಂತ ಜಾಸ್ತಿ ತಡವಾಗಿ, ನೀವು ಹತ್ತದೇ ಇದ್ದರೆ, ರೈಲು ಹೊರಡುವ ಮೊದಲೇ ಟಿಡಿಆರ್ ಅನ್ನುವ ಅರ್ಜಿ ಹಾಕಿ ಟಿಕೆಟ್ ಹಣ ವಾಪಸ್ ಪಡೆಯಬಹುದು. ಅದಕ್ಕೆ ವಿಮೆ ಬೇಕಿಲ್ಲ.) ಟಿಕೆಟ್ ಆದಮೇಲೆ ನಾಮಿನಿ ಹೆಸರು ತುಂಬಲು ಲಿಂಕ್ ಬರುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಆ ಮೆಸೇಜನ್ನು ಜಾಹೀರಾತು ಅಂತ ಅಳಿಸುವವರೇ.

ಇನ್ನು ಆಪ್ ವಿಮೆ. ಒಮ್ಮೆ ನನ್ನ ಬ್ಯಾಗ್ ನನಗಿಂತ ಒಂದು ದಿನ ತಡವಾಗಿ ಬಂತು. ವಿಮಾನ ನಿಲ್ದಾಣ ಬಿಡುವ ಮುಂಚೆಯೇ ಏರ್‌ಲೈನ್ ಕೌಂಟರಿನಲ್ಲಿ ಪಿಐಆರ್, ಅಂದರೆ ಬ್ಯಾಗ್ ಬಂದಿಲ್ಲ ಅನ್ನುವ ದೂರು, ಬರೆಸಿದ್ದೆ. ಬೋರ್ಡಿಂಗ್ ಪಾಸ್, ಬ್ಯಾಗಿನ ಟ್ಯಾಗು, ಕೊಂಡ ಬಟ್ಟೆಯ ಬಿಲ್ಲು ಎಲ್ಲ ಸರಿಯಿತ್ತು. ತಕರಾರು ಬಂದಿದ್ದು ಹೆಸರಿನಲ್ಲಿ.

ನಮ್ಮ ಕಡೆ ಹೆಸರಿನ ಜೊತೆ ಊರಿನದ್ದೊಂದು, ಅಪ್ಪನದ್ದೊಂದು ಇನಿಷಿಯಲ್ ಇರುತ್ತದಲ್ವಾ? ನನ್ನ ಬ್ಯಾಂಕ್ ಪಾಸ್‌ಬುಕ್‌ನಲ್ಲೂ ಹಾಗೇ ಇದೆ. ಆ ಆಪ್ ಮಾತ್ರ ಸರ್‌ನೇಮ್ ಹಾಕದೆ ಮುಂದೆ ಬಿಡುವುದಿಲ್ಲ. ಒಂದಕ್ಷರ ಹಾಕಿದರೆ ಕೆಂಪು ಗೆರೆ. ಸರಿ, ಅಪ್ಪನ ಪೂರ್ತಿ ಹೆಸರು ಹಾಕಿದೆ. ಅಲ್ಲಿಗೆ ಪಾಲಿಸಿಯಲ್ಲಿ ಒಬ್ಬ, ಬ್ಯಾಂಕಿನಲ್ಲಿ ಇನ್ನೊಬ್ಬ! ಹೆಸರು ತಾಳೆಯಾಗುತ್ತಿಲ್ಲ ಅಂತ ವಿಮಾ ಕಂಪನಿಯವರು ಕ್ಲೇಮ್ ನಿಲ್ಲಿಸಿದರು. ತಿದ್ದಿ ಕೊಡಿ ಅಂದರೆ ಆಪ್‌ನವರನ್ನು ಕೇಳಿ ಅಂದರು. ಆಪ್‌ನವರು, ಪ್ರಯಾಣ ಮುಗಿದ ಮೇಲೆ ತಿದ್ದೋಕೆ ಆಗಲ್ಲ, ವಿಮಾ ಕಂಪನಿಗೇ ಬರೆಯಿರಿ ಅಂದರು. ಕೊನೆಗೆ ಈ ಎರಡೂ ಹೆಸರಿನವನು ನಾನೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ಕಳಿಸಿದೆ. ಬಂದ ದುಡ್ಡಲ್ಲಿ ಛಾಪಾಕಾಗದ, ನೋಟರಿ, ಆಟೋ ಖರ್ಚು ಕಳೆದರೆ ಉಳಿದಿದ್ದು ಎರಡು ಊಟದಷ್ಟು.

ನೇರ ಪಾಲಿಸಿಗೆ ದುಡ್ಡು ಸ್ವಲ್ಪ ಜಾಸ್ತಿ. ಆದರೆ ನಾನು ಕೊಂಡಿದ್ದರಲ್ಲಿ ಹೆಸರು ಬ್ಯಾಂಕಿನಲ್ಲಿ ಇರುವಂತೆಯೇ ಹಾಕಲು ಬಂತು, ಹೊರಡುವ ಮುಂಚೆ ತಿದ್ದಲೂ ಅವಕಾಶವಿತ್ತು. ಅಮ್ಮ ಮೆಟ್ಟಿಲ ಮೇಲೆ ಬಿದ್ದು ಕೈ ಮುರಿದುಕೊಂಡು ಪ್ರವಾಸ ರದ್ದಾದಾಗ ಡಾಕ್ಟರ ಚೀಟಿ, ರದ್ದತಿ ಶುಲ್ಕದ ರಸೀದಿ ಕಳಿಸಿದೆ. ಸುಮ್ನೆ ಹಣ ಬಂತು, ಫೋನೂ ಮಾಡಬೇಕಾಗಲಿಲ್ಲ. ಅಮ್ಮನ ಶುಗರ್, ಬಿಪಿಯಿಂದ ಆಗುವ ತೊಂದರೆಗೆ ಮಾತ್ರ ಅದರಲ್ಲಿ ರಕ್ಷಣೆ ಇರಲಿಲ್ಲ.

ಆಸ್ಪತ್ರೆ ಖರ್ಚಿಗೆ ಅಂತ ದೊಡ್ಡ ಮೊತ್ತದ ಪ್ಲಾನ್ ನಾನು ಕೊಳ್ಳುವುದಿಲ್ಲ. ಮನೆಯವರೆಲ್ಲರ ಆರೋಗ್ಯ ವಿಮೆ ದೇಶದ ಯಾವ ಊರಲ್ಲೂ ನಡೆಯುತ್ತದೆ. ರದ್ದತಿ ಮತ್ತು ಬ್ಯಾಗು, ಇವೆರಡನ್ನಷ್ಟೇ ನೋಡುತ್ತೇನೆ. ಒಬ್ಬನೇ ಒಂದು ಕೈಚೀಲದಲ್ಲಿ ಹೋಗುವಾಗ ಅದೂ ಇಲ್ಲ. ಅಪ್ಪ ಅಮ್ಮ ಜೊತೆಗಿದ್ದು, ಹೋಟೆಲಿಗೆ ಮುಂಗಡ ಕಟ್ಟಿದ್ದರೆ ಮಾತ್ರ ನೇರ ಪಾಲಿಸಿ. ಆಪ್‌ನಲ್ಲಿ ವಿಮೆಯ ಟಿಕ್ ತೆಗೆದ ಮೇಲೂ ಹಣ ಕಟ್ಟುವ ಪುಟದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ, ನನಗೆ ಅಲ್ಲಿ ಅದು ಮತ್ತೆ ಸೇರಿಕೊಂಡಿತ್ತು.