ನರಕ್ಕೆ ನೋವು, ಹಲ್ಲಿಗೆ ಶಿಕ್ಷೆ

ನನ್ನ ಬಲಗಡೆಯ ಕೆಳದವಡೆಯಲ್ಲಿ ಎರಡು ಹಲ್ಲುಗಳಿಲ್ಲ. ಎರಡೂ ಗಟ್ಟಿಮುಟ್ಟಾಗಿದ್ದವು. ಹುಳುಕಾಗಿರಲಿಲ್ಲ, ಅಲುಗಾಡುತ್ತಲೂ ಇರಲಿಲ್ಲ. ಕೀಳಿಸಿಕೊಂಡವನು ನಾನೇ, ಕಿತ್ತುಬಿಡಿ ಎಂದು ಹಟ ಹಿಡಿದವನೂ ನಾನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ಚಿಕ್ಕಂದಿನಿಂದ ಕೇಳುತ್ತಾ ಬಂದ ಮಾತು ನನ್ನ ಬಾಯೊಳಗೇ ನಿಜವಾದ ಕಥೆ ಇದು. ಇದನ್ನು ಓದುವವರಲ್ಲಿ ಒಬ್ಬರಾದರೂ ಹಲ್ಲು ಉಳಿಸಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ.

ಮೊದಲ ಏಟು ಬಿದ್ದದ್ದು ಬೆಳಿಗ್ಗೆ ಹಲ್ಲುಜ್ಜುವಾಗ. ಬ್ರಷ್ಷು ವಸಡಿನ ಒಂದು ಜಾಗವನ್ನು ಸವರಿದ್ದೇ ತಡ, ಕರೆಂಟು ಹೊಡೆದ ಹಾಗೆ ತುಟಿಯ ಮೂಲೆಯಿಂದ ಕಿವಿಯವರೆಗೆ ಚಳಕೊಂದು ಹಾದುಹೋಯಿತು. ಬ್ರಷ್ಷು ಕೈಯಿಂದ ಜಾರಿ ಬಿತ್ತು. ಹತ್ತು ಎಣಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ನೋವಿನ ಸುಳಿವೇ ಇಲ್ಲ. ಬಾಯಿ ಮುಕ್ಕಳಿಸಲು ನೀರು ತೆಗೆದುಕೊಂಡೆ, ಇನ್ನೊಂದು ಏಟು. ಹಲ್ಲುಜ್ಜುವಾಗ ಬಂದ ನೋವು ಹಲ್ಲಿನದಲ್ಲದೆ ಮತ್ತೆ ಯಾವುದರದು? ನೇರವಾಗಿ ದಂತವೈದ್ಯರ ಬಳಿಗೆ ಹೋದೆ.

ಎಕ್ಸ್‌ರೇಯಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಆದರೂ ಅನುಮಾನಕ್ಕೆ ಒಂದು ಹಲ್ಲಿಗೆ ರೂಟ್ ಕೆನಾಲ್ ಆಯಿತು. ಕೆಲವು ದಿನ ಸುಮ್ಮನಿದ್ದ ನೋವು ಮತ್ತೆ ಬಂತು. ನನ್ನನ್ನು ಪೂರ್ತಿ ಮೋಸಗೊಳಿಸಿದ್ದು ಅಲ್ಲಿ ಕೊಟ್ಟ ಮರಗಟ್ಟಿಸುವ ಇಂಜೆಕ್ಷನ್. ಅದು ಒಳಗೆ ಹೋದ ಕೂಡಲೇ ದವಡೆ ಮರಗಟ್ಟಿತು, ನೋವೂ ನಿಂತಿತು. ನೋಡಿ, ಹಲ್ಲಿನದೇ ಎಂದು ನಾನೂ ನಂಬಿದೆ, ವೈದ್ಯರೂ ನಂಬಿದರು. ಆ ಇಂಜೆಕ್ಷನ್ ಮಲಗಿಸುವುದು ಹಲ್ಲನ್ನಲ್ಲ, ಹಲ್ಲಿಗೆ ಹೋಗುವ ನರವನ್ನು ಎಂಬುದು ಆಗ ಹೊಳೆಯಲಿಲ್ಲ.

ಹಲ್ಲು ಕೀಳಿಸಿದೆ. ಮೂರು ತಿಂಗಳು ನೋವಿಲ್ಲ! ಸಿಕ್ಕವರೆದುರೆಲ್ಲ ಆ ವೈದ್ಯರನ್ನು ಹೊಗಳಿದೆ. ಈ ಕಾಯಿಲೆಯ ದೊಡ್ಡ ಕಪಟ ಇಲ್ಲಿಯೇ ಇದೆ. ಇದು ತನ್ನಷ್ಟಕ್ಕೆ ತಾನೇ ವಾರಗಟ್ಟಲೆ, ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಬಿಡುವು ಕೊಡುತ್ತದೆ. ಆ ಬಿಡುವಿಗೆ ಸ್ವಲ್ಪ ಮುಂಚೆ ನೀವು ಏನು ಮಾಡಿರುತ್ತೀರೋ ಅದಕ್ಕೇ ಕೀರ್ತಿ ಸಲ್ಲುತ್ತದೆ. ಹಲ್ಲು ಕೀಳಿಸಿದವರಿಗೆ ಹಲ್ಲಿನಿಂದ, ಎಣ್ಣೆ ಹಚ್ಚಿದವರಿಗೆ ಎಣ್ಣೆಯಿಂದ, ಹರಕೆ ಹೊತ್ತವರಿಗೆ ಹರಕೆಯಿಂದ ವಾಸಿಯಾಯಿತು ಎನಿಸುತ್ತದೆ.

ನೋವು ಮರಳಿದಾಗ ಪಕ್ಕದ ಹಲ್ಲಿನ ಮೇಲೆ ಅನುಮಾನ ಬಂತು. ಅದನ್ನೂ ಕೀಳಿಸಿದೆ. ಈ ಸಲ ಒಂದು ವಾರವೂ ನೆಮ್ಮದಿ ಸಿಗಲಿಲ್ಲ. ಮೂರನೆಯದನ್ನು ಕೀಳಿಸಲು ಬೇರೆಯ ದಂತವೈದ್ಯರಲ್ಲಿಗೆ ಹೋದೆ. ಎಲ್ಲಿ ನೋವು, ತೋರಿಸಿ ಎಂದರು. ಬೆರಳು ಎತ್ತಿದೆ, ಆದರೆ ಕೆನ್ನೆಯಿಂದ ಒಂದು ಅಂಗುಲ ದೂರದಲ್ಲೇ ನಿಲ್ಲಿಸಿದೆ. ಅವರು ಅದನ್ನೇ ನೋಡುತ್ತಿದ್ದರು. "ಹಲ್ಲುನೋವಿನವರು ಕೆನ್ನೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡು ಬರುತ್ತಾರೆ. ನೀವು ಮುಟ್ಟುವುದಕ್ಕೇ ಹೆದರುತ್ತಿದ್ದೀರಿ. ನಾನು ಈ ಹಲ್ಲನ್ನು ಕೀಳುವುದಿಲ್ಲ, ನೀವು ನರರೋಗ ತಜ್ಞರನ್ನು ನೋಡಿ" ಎಂದರು. ಆ ದಿನ ನನಗೆ ಸಿಟ್ಟು ಬಂದಿತ್ತು. ಇಷ್ಟು ದೂರ ಬಂದರೆ ಒಂದು ಹಲ್ಲು ಕೀಳಲೂ ಆಗದೇ ಎಂದು ಗೊಣಗಿಕೊಂಡೇ ಹೊರಬಂದೆ.

ಕಾಯಿಲೆಯ ಹೆಸರು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಮಿದುಳಿನಿಂದ ನೇರವಾಗಿ ಹೊರಡುವ 12 ಜೋಡಿ ನರಗಳಲ್ಲಿ ಐದನೆಯದು ಮುಖದ ಸ್ಪರ್ಶವನ್ನು ಹೊತ್ತೊಯ್ಯುತ್ತದೆ. ಎರಡೂ ಬದಿಯಲ್ಲಿ ಅದಕ್ಕೆ ಮೂರು ಕವಲು: ಹಣೆ ಮತ್ತು ಕಣ್ಣಿಗೊಂದು, ಕೆನ್ನೆ ಮತ್ತು ಮೇಲ್ದವಡೆಗೊಂದು, ಕೆಳದವಡೆಗೊಂದು. ಹಲ್ಲುಗಳ ಸಂವೇದನೆ ಹೋಗುವುದು ಕೆಳಗಿನ ಎರಡು ಕವಲುಗಳಲ್ಲಿ. ಬಹಳ ಮಂದಿಯಲ್ಲಿ ಈ ನರ ಮಿದುಳಕಾಂಡದಿಂದ ಹೊರಬೀಳುವ ಜಾಗದಲ್ಲಿ ರಕ್ತನಾಳವೊಂದು ಅದಕ್ಕೆ ಒತ್ತಿಕೊಂಡು ಮಿಡಿಯುತ್ತಾ, ನರದ ಹೊದಿಕೆಯನ್ನು ಸವೆಸುತ್ತದೆ. ಆಗ ಬರಿಯ ಸ್ಪರ್ಶವೂ ನೋವಾಗಿ ಮಿದುಳಿಗೆ ಮುಟ್ಟುತ್ತದೆ. ಕೆಲವರಲ್ಲಿ ನರಗಳ ಹೊದಿಕೆಯನ್ನೇ ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ರೋಗ ಅಥವಾ ಗೆಡ್ಡೆ ಕಾರಣವಾಗಿರುವುದೂ ಉಂಟು, ಎಂಆರ್‌ಐ ಮಾಡಿಸುವುದು ಅದಕ್ಕಾಗಿಯೇ. ಅಂದರೆ ತಂತಿ ಸವೆದದ್ದು ತಲೆಬುರುಡೆಯೊಳಗೆ, ನಾನು ಬಿಚ್ಚಿಸುತ್ತಿದ್ದದ್ದು ಬಾಯೊಳಗಿನ ದೀಪಗಳನ್ನು.

ಇದೇನೂ ನಿನ್ನೆ ಮೊನ್ನೆಯ ರೋಗವಲ್ಲ. ಫ್ರಾನ್ಸಿನ ನಿಕೊಲಾ ಆಂದ್ರೆ 1756ರಲ್ಲಿ ಇದಕ್ಕೆ ಒಂದು ಹೆಸರಿಟ್ಟರು, ಲಂಡನ್ನಿನ ವೈದ್ಯ ಜಾನ್ ಫಾದರ್ಗಿಲ್ 1773ರಲ್ಲಿ ಲಕ್ಷಣಗಳನ್ನು ವಿವರಿಸಿದರು. ಇನ್ನೂರೈವತ್ತು ವರ್ಷಗಳ ಹಿಂದೆಯೇ ಬರೆದಿಟ್ಟ ರೋಗಕ್ಕೆ ನಾನು ಎರಡು ಹಲ್ಲು ತೆತ್ತೆ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹಲ್ಲಿನ ನೋವು ಮಿಡಿಯುತ್ತದೆ, ಗಂಟೆಗಟ್ಟಲೆ ಕಾಡುತ್ತದೆ, ರಾತ್ರಿ ಮಲಗಿದರೆ ಹೆಚ್ಚಾಗುತ್ತದೆ. ಇದು ಹಾಗಲ್ಲ. ಕೆಲವು ಕ್ಷಣಗಳಿಂದ ಹೆಚ್ಚೆಂದರೆ ಎರಡು ನಿಮಿಷ ಹೊಡೆಯುತ್ತದೆ, ನಿಲ್ಲುತ್ತದೆ, ಮತ್ತೆ ಹೊಡೆಯುತ್ತದೆ. ಸಾಮಾನ್ಯವಾಗಿ ಮುಖದ ಒಂದೇ ಬದಿ. ಟವೆಲ್ಲಿನ ಅಂಚು, ಫ್ಯಾನಿನ ಗಾಳಿ, ಒಂದು ಆಕಳಿಕೆ ಸಾಕು. ನಿದ್ದೆಯಲ್ಲಿ ಮಾತ್ರ ಸಾಮಾನ್ಯವಾಗಿ ನಮ್ಮನ್ನು ಬಿಟ್ಟುಬಿಡುತ್ತದೆ. ಇದನ್ನೆಲ್ಲ ನಾನು ಮೊದಲ ವೈದ್ಯರಿಗೆ ಹೇಳಿರಲೇ ಇಲ್ಲ. ಅವರು ಕೇಳಲಿಲ್ಲ, ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ.

ಆ ತಿಂಗಳುಗಳಲ್ಲಿ ಮನೆಯವರು ನನ್ನನ್ನು ಮುಂಗೋಪಿ ಎಂದುಕೊಂಡಿದ್ದರು. ಮಾತಿನ ನಡುವೆ ಥಟ್ಟನೆ ಬಾಯಿ ಮುಚ್ಚುತ್ತಿದ್ದೆ, ಎದುರಿದ್ದವರ ಮುಖ ಸಪ್ಪಗಾಗುತ್ತಿತ್ತು. ಮಗು ಕೆನ್ನೆಗೆ ಕೈ ಚಾಚಿದರೆ ಹಿಂದೆ ಸರಿಯುತ್ತಿದ್ದೆ. ಹೊರಗೆ ಏನೂ ಕಾಣಿಸುವುದಿಲ್ಲವಲ್ಲ! ಊತವಿಲ್ಲ, ಗಾಯವಿಲ್ಲ, ಜ್ವರವಿಲ್ಲ. ಎಲ್ಲ ಮನಸ್ಸಿನದು ಎಂದವರು ಹಲವರು. ಕೆನ್ನೆಗೆ ತಿಕ್ಕಿಸಿಕೋ ಎಂದ ಪುಣ್ಯಾತ್ಮರೂ ಇದ್ದರು. ಸಾಮಾನ್ಯ ನೋವಿನ ಮಾತ್ರೆಗಳನ್ನು ಒಂದರ ಮೇಲೊಂದು ನುಂಗಿದೆ. ಹೊಟ್ಟೆ ಉರಿದದ್ದೇ ಬಂತು, ಈ ನೋವಿಗೆ ಅವು ನಾಟುವುದೇ ಇಲ್ಲ.

ನನ್ನ ಎರಡನೆಯ ತಪ್ಪು ಮಾತ್ರೆಯದು. ನರರೋಗ ತಜ್ಞರು ಬರೆದುಕೊಟ್ಟದ್ದು ಕಾರ್ಬಮಜೆಪಿನ್. 1960ರ ದಶಕದಿಂದ ಈ ನೋವಿಗೆ ಬಳಕೆಯಲ್ಲಿದೆ, ಮೂರ್ಛೆರೋಗಕ್ಕೂ ಇದೇ ಮಾತ್ರೆ. ಎರಡೇ ದಿನಕ್ಕೆ ನೋವು ಅರ್ಧವಾಯಿತು, ವಾರದಲ್ಲಿ ಇಲ್ಲವಾಯಿತು. ಜೊತೆಗೆ ಮಂಪರು, ನಡೆದರೆ ಓಲಾಟ. ಒಂದು ತಿಂಗಳಾದ ಮೇಲೆ ಚೀಟಿಯಲ್ಲಿ ಮೂರ್ಛೆರೋಗ ಎಂಬ ಪದ ಓದಿ ಹೆದರಿ, ಯಾರನ್ನೂ ಕೇಳದೆ ಒಮ್ಮೆಗೇ ನಿಲ್ಲಿಸಿದೆ. ನಾಲ್ಕನೆಯ ದಿನ ಏಟಿನ ಮೇಲೆ ಏಟು. ಗಾಬರಿಯಿಂದ ನಾನೇ ಎರಡರಷ್ಟು ಮಾತ್ರೆ ನುಂಗತೊಡಗಿದೆ. ಒಂದು ವಸ್ತು ಎರಡಾಗಿ ಕಂಡು, ಬಾಗಿಲಿನ ಚೌಕಟ್ಟಿಗೆ ಹಣೆ ಬಡಿದುಕೊಂಡು ಆಸ್ಪತ್ರೆ ಸೇರಿದಾಗ ರಕ್ತದಲ್ಲಿ ಸೋಡಿಯಂ ತೀರಾ ಇಳಿದಿತ್ತು. ಈ ಮಾತ್ರೆಯನ್ನು ಮೆಲ್ಲಗೆ ಏರಿಸಬೇಕು, ಮೆಲ್ಲಗೆ ಇಳಿಸಬೇಕು, ನಡುನಡುವೆ ರಕ್ತಪರೀಕ್ಷೆ ಆಗಬೇಕು. ಗರ್ಭನಿರೋಧಕ ಮಾತ್ರೆಗಳ ಪರಿಣಾಮವನ್ನು ಇದು ತಗ್ಗಿಸುತ್ತದೆ, ಅವನ್ನು ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ಮೊದಲೇ ತಿಳಿಸಿರಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಮೆಲ್ಲಗೆ ಎಂಬ ಮಾತಿಲ್ಲ. ಮೈಮೇಲೆ ದದ್ದು, ಜ್ವರ, ಬಾಯೊಳಗೆ ಹುಣ್ಣು ಕಂಡರೆ ಮುಂದಿನ ಮಾತ್ರೆ ನುಂಗದೆ ಅಂದೇ ಆಸ್ಪತ್ರೆಗೆ ಓಡಬೇಕು, ಅದು ಜೀವಕ್ಕೇ ಅಪಾಯ ತರುವ ಚರ್ಮದ ಪ್ರತಿಕ್ರಿಯೆಯ ಆರಂಭವಾಗಿರಬಹುದು. ಎಚ್‌ಎಲ್‌ಎ-ಬಿ 1502 ಎಂಬ ವಂಶವಾಹಿ ಇರುವವರಿಗೆ ಈ ಅಪಾಯ ಹೆಚ್ಚು. ಅದು ಏಷ್ಯಾ ಮೂಲದವರಲ್ಲಿ ಹೆಚ್ಚಾಗಿ ಕಂಡುಬರುವುದರಿಂದ ಮಾತ್ರೆ ಶುರುಮಾಡುವ ಮೊದಲೇ ಆ ಪರೀಕ್ಷೆಯ ಬಗ್ಗೆ ಕೇಳಿ. ನಾನು ಕೇಳಿರಲಿಲ್ಲ. ನನಗೇನೂ ಆಗಲಿಲ್ಲ, ಅದು ಅದೃಷ್ಟವಷ್ಟೇ.

ತಜ್ಞರ ಕೋಣೆಯ ಹೊರಗೆ ಕಾಯುವಾಗ ನನ್ನಂಥವರು ಸಿಗುತ್ತಾರೆ. ಕೆನ್ನೆಗೆ ಬಟ್ಟೆ ಸುತ್ತಿಕೊಂಡು, ತುಟಿ ಅಲುಗಿಸದೆ ಮಾತನಾಡುವವರು. ಒಬ್ಬರು ನಾಲ್ಕು ಹಲ್ಲು ಕಳೆದುಕೊಂಡಿದ್ದರು, ಅವರ ಮುಂದೆ ನಾನು ಎಳಸು. ಇನ್ನೊಬ್ಬರು ಕಿವಿಯ ಹಿಂದೆ ತೂತು ಕೊರೆಸಿ, ರಕ್ತನಾಳಕ್ಕೂ ನರಕ್ಕೂ ನಡುವೆ ಟೆಫ್ಲಾನ್ ತುಣುಕು ಇಡಿಸಿಕೊಂಡು ನೆಮ್ಮದಿಯಾಗಿದ್ದರು. ಮತ್ತೊಬ್ಬರು ನರವನ್ನು ಸುಡಿಸಿಕೊಂಡಿದ್ದರು. ನೋವು ಹೋಗಿತ್ತು, ಆದರೆ ಕೆನ್ನೆಯ ಜೀವವೂ ಹೋಗಿತ್ತು. ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡರೂ ಅವರಿಗೆ ತಿಳಿಯುತ್ತಿರಲಿಲ್ಲ. ಜೋಮು ಬರಬಹುದೆಂದು ಮೊದಲೇ ಹೇಳಿದ್ದರೆ ಒಪ್ಪುತ್ತಿದ್ದೆನೋ ಇಲ್ಲವೋ, ಕೇಳಲಿಲ್ಲವೆಂಬುದೇ ಬೇಸರ ಎಂದರು. ಸುಡುವುದು, ಬಲೂನಿನಿಂದ ಒತ್ತುವುದು, ಗ್ಲಿಸರಾಲ್ ಚುಚ್ಚುವುದು, ವಿಕಿರಣ ಹಾಯಿಸುವುದು ಎಲ್ಲವೂ ನರಕ್ಕೆ ಬೇಕೆಂದೇ ಮಾಡುವ ಪೆಟ್ಟು. ಎಷ್ಟು ಜೋಮು, ಎಷ್ಟು ಕಾಲ, ಕಣ್ಣಿನ ಮೇಲ್ಪದರಕ್ಕೂ ತಾಗೀತೇ, ನೋವು ಮರಳಿದರೆ ಮುಂದೇನು ಎಂದು ಬಾಯಿಬಿಟ್ಟು ಕೇಳಿಯೇ ಸಹಿ ಹಾಕಿ.

ನಾನು ಸದ್ಯಕ್ಕೆ ಮಾತ್ರೆಯಲ್ಲೇ ಇದ್ದೇನೆ. ಗಾಳಿಯ ದಿನ ಮುಖಕ್ಕೆ ಬಟ್ಟೆ, ಮುಖ ತೊಳೆಯಲು ಉಗುರುಬೆಚ್ಚನೆಯ ನೀರು. ನೋವು ಬಂದ ಹೊತ್ತು, ಜಾಗ, ಏನು ಮಾಡುವಾಗ ಬಂತು ಎಂಬುದನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಈ ಬುದ್ಧಿ ಮೊದಲ ವಾರವೇ ಬಂದಿದ್ದರೆ! ಕೀಳುವುದಿಲ್ಲ ಎಂದ ದಂತವೈದ್ಯರ ಬಳಿಗೆ ಹೋಗಿ ಕೃತಜ್ಞತೆ ಹೇಳಿ ಬಂದೆ. ಅವರು ಬಾಯಿ ತೆರೆಸಿ ನೋಡಿದರು. ಮೂರನೆಯ ಹಲ್ಲು ಗಟ್ಟಿಯಾಗಿದೆಯಂತೆ. ಎಡಗಡೆಯಲ್ಲೇ ಅಗಿಯುವ ಅಭ್ಯಾಸ ಬಿಟ್ಟುಹೋಗಿಲ್ಲವಾದ್ದರಿಂದ ಅದಕ್ಕೆ ಹೇಳಿಕೊಳ್ಳುವಂಥ ಕೆಲಸವೇನೂ ಇಲ್ಲ.