ಏಪ್ಟೇಶಿಯಾ ನಿಯಂತ್ರಣ: ಸುಣ್ಣದ ಪೇಸ್ಟ್, ಸಿಗಡಿ, ಮೀನು ಮತ್ತು ಬರ್ಗಿಯಾ

ರೀಫ್ ಟ್ಯಾಂಕಿನಲ್ಲಿ, ಅಂದರೆ ಜೀವಂತ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಏಪ್ಟೇಶಿಯಾ ಎಂಬ ಪಿಡುಗಿನ ಅನಿಮೋನ್ (ಹೂವಿನಂತೆ ಕಾಣುವ ಕಡಲಜೀವಿ) ಹಬ್ಬಿದಾಗ ಅದನ್ನು ಕೊಲ್ಲುವ ಉಪಾಯಗಳಿಗೆ ಕೊರತೆಯೇನೂ ಇಲ್ಲ. ಸುಣ್ಣದ ಪೇಸ್ಟ್, ಪೆಪ್ಪರ್‌ಮಿಂಟ್ ಸಿಗಡಿ, ಫೈಲ್‌ಫಿಶ್, ಬರ್ಗಿಯಾ ಎಂಬ ನುಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳು), ಈ ನಾಲ್ಕನ್ನೂ ಒಂದು ಚಿಕ್ಕ ಟ್ಯಾಂಕಿನಲ್ಲಿ ಅಥವಾ ಒಂದು ದೊಡ್ಡ ಟ್ಯಾಂಕಿನಲ್ಲಿ ಬೇರೆ ಬೇರೆ ಸಮಯದಲ್ಲಿ ಬಳಸಿ ನೋಡಿದ್ದೇನೆ. ನಾಲ್ಕೂ ಕೆಲಸ ಮಾಡುತ್ತವೆ. ಆದರೆ ಒಂದರ ಕೈಗೆ ಸಿಗುವ ಏಪ್ಟೇಶಿಯಾ ಇನ್ನೊಂದರ ಕೈಗೆ ಸಿಗುವುದಿಲ್ಲ. ಆದ್ದರಿಂದ ಅವು ಎಷ್ಟಿವೆ, ಎಲ್ಲಿ ಕುಳಿತಿವೆ, ಟ್ಯಾಂಕಿನಲ್ಲಿ ಅವುಗಳ ಜೊತೆ ಮತ್ತೇನೇನು ವಾಸವಾಗಿದೆ ಎಂಬುದನ್ನು ನೋಡದೆ ಒಂದನ್ನು ಒಳ್ಳೆಯದು, ಮತ್ತೊಂದನ್ನು ಕೆಟ್ಟದ್ದು ಎನ್ನುವುದರಲ್ಲಿ ಅರ್ಥವಿಲ್ಲ.

ಏಪ್ಟೇಶಿಯಾ ಸಾಮಾನ್ಯವಾಗಿ ಹೊಸ ಬಂಡೆಯ ಜೊತೆಗೋ ಹವಳದ ತುಂಡಿನ ಬುಡಕ್ಕೆ ಅಂಟಿಕೊಂಡೋ ಟ್ಯಾಂಕಿಗೆ ಬರುತ್ತದೆ. ಅದರ ಮೈಯೊಳಗೆ ಸಹಜೀವಿ ಪಾಚಿ ಇರುವುದರಿಂದ ಬೆಳಕಿನಿಂದಲೂ ಬದುಕುತ್ತದೆ, ಮೀನಿಗೆ ಹಾಕಿದ ಆಹಾರದ ಚೂರುಗಳನ್ನು ಹಿಡಿದೂ ಬದುಕುತ್ತದೆ. ಪಕ್ಕದ ಹವಳವನ್ನು ಕುಟುಕಿ ಜಾಗ ಮಾಡಿಕೊಳ್ಳುತ್ತದೆ. ಎಲ್ಲಕ್ಕಿಂತ ತೊಂದರೆ ಕೊಡುವುದು ಅದರ ಪಾದ. ಬಂಡೆಯ ಮೇಲೆ ಸರಿಯುವಾಗ ಪಾದದ ಅಂಚಿನಿಂದ ಕಳಚಿಕೊಂಡ, ಕಣ್ಣಿಗೆ ಕಾಣದಷ್ಟು ಸಣ್ಣ ಚೂರೂ ಮುಂದೆ ಪೂರ್ಣ ಅನಿಮೋನ್ ಆಗಿ ಬೆಳೆಯಬಲ್ಲದು. ಹೀಗಾಗಿ ಅದನ್ನು ಚಿಮುಟದಿಂದ ಕೀಳುವುದು, ಬ್ಲೇಡಿನಿಂದ ಕೆರೆಯುವುದು, ಎರಡೂ ಬೀಜ ಬಿತ್ತಿದ ಹಾಗೆ.

ಮೊದಲು ಪೇಸ್ಟ್. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಆರ್‌ಒ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಮೊಂಡು ತುದಿಯ ಸೂಜಿ ಹಾಕಿದ ಸಿರಿಂಜಿನಿಂದ ಏಪ್ಟೇಶಿಯಾದ ಬಾಯಿಗೆ ಬಿಡುವುದು ಹಳೆಯ ವಿಧಾನ. ಏಪ್ಟೇಶಿಯಾ-ಎಕ್ಸ್‌ನಂತಹ ಸಿದ್ಧ ಪೇಸ್ಟ್‌ಗಳನ್ನು ಬಳಸುವ ಕ್ರಮವೂ ಹೆಚ್ಚುಕಡಿಮೆ ಇದೇ. ಪಂಪ್‌ಗಳನ್ನೆಲ್ಲ ನಿಲ್ಲಿಸಿ, ನೀರು ಸ್ತಬ್ಧವಾದ ಮೇಲೆ ಕೈ ಇಳಿಸಬೇಕು. ಸೂಜಿ ಗ್ರಹಣಾಂಗಕ್ಕೆ ತಗುಲಿತೆಂದರೆ ಅದು ಕ್ಷಣಾರ್ಧದಲ್ಲಿ ಬಿಲದೊಳಗೆ ಮುದುಡಿಕೊಳ್ಳುತ್ತದೆ, ಆಮೇಲೆ ಏನು ಸುರಿದರೂ ವ್ಯರ್ಥ. ತಗುಲಿಸದೆ, ಬಾಯಿಯ ಮೇಲೆ ಒಂದು ಹನಿಯಷ್ಟನ್ನು ಆಹಾರವೆಂಬಂತೆ ಇಳಿಬಿಟ್ಟರೆ ಗ್ರಹಣಾಂಗಗಳು ತಾವಾಗಿಯೇ ಅದನ್ನು ಒಳಕ್ಕೆಳೆದುಕೊಳ್ಳುತ್ತವೆ. ಸ್ವಲ್ಪ ಹೊತ್ತಿನಲ್ಲಿ ಕಾಂಡ ಕುಸಿದು ಬಿಳಿಯ ಮುದ್ದೆಯಾಗುತ್ತದೆ. ಅದರ ಮೇಲೂ ಬುಡದ ಸುತ್ತಲೂ ಇನ್ನಷ್ಟು ಪೇಸ್ಟ್ ಮುಚ್ಚಿ, ಅರ್ಧ ಗಂಟೆ ಕಾದು ಪಂಪ್ ಹಾಕಿದರೆ ಆ ಒಂದರ ಕಥೆ ಮುಗಿಯಿತು.

ಆದರೆ ಆ ಒಂದರದ್ದು ಮಾತ್ರ. ಬಂಡೆಯ ಹಿಂಬದಿಯಲ್ಲಿ, ಹವಳದ ಕೊಂಬೆಗಳ ಸಂದಿಯಲ್ಲಿ, ತುಂಬಿದ ನೀರು ಹೊರಹರಿಯುವ ಓವರ್‌ಫ್ಲೋ ಪೆಟ್ಟಿಗೆಯೊಳಗೆ ಇರುವವು ಸೂಜಿಗೆ ಸಿಗುವುದಿಲ್ಲ. ಸುಣ್ಣದ ತಿಳಿನೀರಿನ ಪಿಎಚ್ 12ನ್ನು ದಾಟುವುದರಿಂದ ಚಿಕ್ಕ ಟ್ಯಾಂಕಿನಲ್ಲಿ ಒಂದೇ ದಿನ ಹೆಚ್ಚು ಪೇಸ್ಟ್ ಬಿಟ್ಟರೆ ಇಡೀ ನೀರಿನ ಪಿಎಚ್ ಅಪಾಯದ ಮಟ್ಟಕ್ಕೆ ಏರುತ್ತದೆ; ಹವಳದ ಮೇಲೆ ಬಿದ್ದರೆ ಅಲ್ಲಿನ ಅಂಗಾಂಶ ಸುಟ್ಟಂತಾಗುತ್ತದೆ. ಬೆರಳೆಣಿಕೆಯ ಏಪ್ಟೇಶಿಯಾ, ಅವೂ ಕಣ್ಣೆದುರಿಗೇ ಇದ್ದಾಗ ನಾನು ಇದನ್ನಲ್ಲದೆ ಬೇರೇನನ್ನೂ ಬಳಸುವುದಿಲ್ಲ. ಅದಕ್ಕಿಂತ ಹೆಚ್ಚಾದಾಗ ಇದು ಕೈಕೆಲಸವೇ ಹೊರತು ಪರಿಹಾರವಲ್ಲ. ನಿಂಬೆರಸ, ಕುದಿನೀರು ಇತ್ಯಾದಿಗಳ ಮಿತಿಯೂ ಇದೇ. ಸೂಪರ್ ಗ್ಲೂ ಹಚ್ಚಿ ಮುಚ್ಚಿದರೆ ಅಂಚಿನ ಬಿರುಕಿನಿಂದ ಮತ್ತೆ ತಲೆ ಎತ್ತುತ್ತದೆ. ಬಂಡೆಯನ್ನೇ ಹೊರತೆಗೆದು ಕುದಿಸುವ ಸಲಹೆಯನ್ನಂತೂ ಯಾರೂ ಪಾಲಿಸಬಾರದು: ಆ ಬಂಡೆಯ ಮೇಲೆ ಪಾಲಿಥೋವಾ ಅಥವಾ ಜೋಆಂಥಿಡ್ ಎಂಬ ಹವಳದಂತಹ ಜೀವಿಗಳಿದ್ದರೆ ಅವುಗಳಲ್ಲಿರಬಹುದಾದ ಪಾಲಿಟಾಕ್ಸಿನ್ ವಿಷ ಹಬೆಯ ಜೊತೆ ಉಸಿರಿಗೆ ಸೇರುತ್ತದೆ, ಹೀಗೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ.

ಪೆಪ್ಪರ್‌ಮಿಂಟ್ ಸಿಗಡಿಯನ್ನು ಕೊಳ್ಳುವಾಗಲೇ ಎಚ್ಚರ ಬೇಕು. ನಮಗೆ ಬೇಕಾದದ್ದು ಲಿಸ್ಮಾಟಾ ಕುಲದ್ದು. ಅದರಂತೆಯೇ ಕೆಂಪು ಪಟ್ಟೆಗಳಿರುವ, ಬೆನ್ನು ಗೂನಾದ, ಕೆಂಪಿನ ನಡುವೆ ಎದ್ದು ಕಾಣುವ ಬಿಳಿ ಗೆರೆ ಮತ್ತು ಚುಕ್ಕೆಗಳಿರುವ ಒಂಟೆ ಸಿಗಡಿ ಬೇರೆಯೇ ಜಾತಿ, ಅದು ಹವಳದ ಪಾಲಿಪ್‌ಗಳನ್ನೇ ತಿನ್ನುತ್ತದೆ. ಸರಿಯಾದ ಸಿಗಡಿಯೇ ಬಂದರೂ ಅದು ತಿನ್ನುತ್ತದೆಂಬ ಖಾತರಿಯಿಲ್ಲ. ಚಿಕ್ಕ ಟ್ಯಾಂಕಿನಲ್ಲಿ ನಾನು ಬಿಟ್ಟ ಸಿಗಡಿಗಳು ಸಣ್ಣ ಏಪ್ಟೇಶಿಯಾಗಳನ್ನು ರಾತ್ರಿಯಲ್ಲಿ ಮೆಲ್ಲಮೆಲ್ಲನೆ ಖಾಲಿ ಮಾಡಿದವು, ಆದರೆ ಅಗಲವಾಗಿ ಅರಳಿದ ದೊಡ್ಡವುಗಳ ಹತ್ತಿರವೂ ಸುಳಿಯಲಿಲ್ಲ. ಮೀನಿನ ಆಹಾರ ಧಾರಾಳವಾದ ದಿನಗಳಲ್ಲಿ ಸಣ್ಣವನ್ನೂ ಮುಟ್ಟಲಿಲ್ಲ. ಹವಳಗಳಿಗೆಂದು ಇಟ್ಟ ತುತ್ತನ್ನು ಅವುಗಳ ಬಾಯಿಂದಲೇ ಎಳೆದುಕೊಂಡು ಹೋಗುವ ಚಟವೂ ಇವುಗಳಿಗೆ ಇದೆ. ಇರುವುದನ್ನು ನಿರ್ಮೂಲ ಮಾಡಲು ಇವು ಸಾಲವು. ಮತ್ತೆ ಹುಟ್ಟುವ ಮರಿಗಳನ್ನು ತಡೆಯುವ ಕಾವಲಿಗೆ ಸಾಕು.

ಏಪ್ಟೇಶಿಯಾ ತಿನ್ನುವುದರಿಂದಲೇ ಹೆಸರಾದ ಫೈಲ್‌ಫಿಶ್, ಅಂದರೆ ಅಕ್ರೈಕ್ತಿಸ್ ಟೊಮೆಂಟೋಸಸ್, ಸಿಗಡಿಗಿಂತ ನೆಚ್ಚಬಹುದಾದದ್ದು. ಹಗಲಿನಲ್ಲೇ, ನಮ್ಮ ಕಣ್ಣೆದುರಿಗೇ ತಿನ್ನುತ್ತದೆ, ದೊಡ್ಡ ಏಪ್ಟೇಶಿಯಾಕ್ಕೂ ಹೆದರುವುದಿಲ್ಲ. ತೊಂದರೆ ಶುರುವಾಗುವುದು ಏಪ್ಟೇಶಿಯಾ ಕಡಿಮೆಯಾದ ಮೇಲೆ. ದೊಡ್ಡ ಟ್ಯಾಂಕಿನಲ್ಲಿದ್ದ ನನ್ನ ಮೀನು ಜೋಆಂಥಿಡ್‌ಗಳನ್ನು ಕುಕ್ಕತೊಡಗಿತು, ಅವು ದಿನವಿಡೀ ಅರಳದೆ ಮುಚ್ಚಿಕೊಂಡೇ ಇರತೊಡಗಿದವು. ಕೊನೆಗೆ ಮೀನನ್ನು ಹವಳಗಳಿಲ್ಲದ ಟ್ಯಾಂಕಿಗೆ ಕಳಿಸಬೇಕಾಯಿತು. ಕಾಪರ್‌ಬ್ಯಾಂಡ್ ಚಿಟ್ಟೆಮೀನಿನ ಹೆಸರನ್ನೂ ಹಲವರು ಹೇಳುತ್ತಾರೆ. ಸುಮಾರು 20 ಸೆಂ.ಮೀ. ಬೆಳೆಯುವ, ವಿಶಾಲವಾದ ಟ್ಯಾಂಕ್ ಬೇಡುವ, ಆಹಾರವನ್ನೇ ಮುಟ್ಟದೆ ಸೊರಗಿ ಸಾಯುವುದಕ್ಕೆ ಹೆಸರಾದ ಮೀನನ್ನು ಒಂದು ಪಿಡುಗಿನ ಕಾಟಕ್ಕಾಗಿ ತರುವುದು ನನಗೆ ಒಪ್ಪಿಗೆಯಿಲ್ಲ, ಆದ್ದರಿಂದ ಅದನ್ನು ಪ್ರಯೋಗಿಸಿಲ್ಲ.

ಉಳಿದದ್ದು ಬರ್ಗಿಯಾ ಸ್ಟೆಫನೀಯೆ. ಏಪ್ಟೇಶಿಯಾವನ್ನು ಬಿಟ್ಟು ಬೇರೇನನ್ನೂ ತಿನ್ನದ ಈ ಪುಟ್ಟ ನುಡಿಬ್ರಾಂಕ್‌ನಿಂದ ಹವಳಕ್ಕೆ ಯಾವ ಅಪಾಯವೂ ಇಲ್ಲ. ದೀಪ ಆರಿಸಿ ಬಹಳ ಹೊತ್ತಾದ ಮೇಲೆ ಕೆಂಪು ಟಾರ್ಚ್ ಹಿಡಿದು ನೋಡಿದರೆ, ಬೆನ್ನ ಮೇಲಿನ ಎಳೆಗಳನ್ನೆಲ್ಲ ನಿಮಿರಿಸಿಕೊಂಡು ಏಪ್ಟೇಶಿಯಾದ ಕಾಂಡಕ್ಕೆ ಬಾಯಿ ಹಚ್ಚಿರುವುದು ಕಾಣುತ್ತದೆ. ಏಪ್ಟೇಶಿಯಾ ಕುಟುಕುವ ಬಿಳಿ ದಾರಗಳನ್ನು ಹೊರಚೆಲ್ಲಿದರೂ ಇದು ಕದಲುವುದಿಲ್ಲ. ತಿಂದ ಕುಟುಕುಕೋಶಗಳನ್ನೇ ಆ ಎಳೆಗಳ ತುದಿಯಲ್ಲಿ ಕೂಡಿಟ್ಟುಕೊಂಡು ತನ್ನ ರಕ್ಷಣೆಗೆ ಬಳಸುತ್ತದೆ. ಹೊಟ್ಟೆ ತುಂಬಿದ ಬರ್ಗಿಯಾದ ಎಳೆಗಳು ಏಪ್ಟೇಶಿಯಾದ ಪಾಚಿಯಿಂದಾಗಿ ಕಂದಾಗುತ್ತವೆ, ಹಸಿದದ್ದು ಬಿಳಿಚಿಕೊಳ್ಳುತ್ತದೆ. ಅದು ತಿನ್ನುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಸುಲಭದ ಗುರುತಿಲ್ಲ.

ಸೂಜಿ ಹೋಗದ ಬಿಲಕ್ಕೆ, ಮೀನಿನ ಮೂತಿ ತೂರದ ಸಂದಿಗೆ ಬರ್ಗಿಯಾ ಹೋಗುತ್ತದೆ. ಸುರುಳಿಯಾಕಾರದ ಬಿಳಿ ದಾರದಂತೆ ಮೊಟ್ಟೆಯಿಟ್ಟು, ಎರಡು ವಾರಗಳ ಆಸುಪಾಸಿನಲ್ಲಿ ಮರಿ ಮಾಡಿ, ಟ್ಯಾಂಕಿನೊಳಗೇ ಸಂತತಿ ಬೆಳೆಸುತ್ತದೆ. ಆದರೆ ತಾಳ್ಮೆ ಬೇಕು: ಮೊದಲ ವಾರಗಳಲ್ಲಿ ಏನೂ ಆಗಿಲ್ಲವೆನಿಸುತ್ತದೆ, ಏಪ್ಟೇಶಿಯಾ ಇನ್ನಷ್ಟು ಹೆಚ್ಚಾದಂತೆಯೂ ಕಾಣಬಹುದು, ತಿಂಗಳುಗಳು ಕಳೆದ ಮೇಲೆ ಒಮ್ಮೆಲೇ ಇಳಿಮುಖವಾಗುತ್ತದೆ. ದೊಡ್ಡ ಟ್ಯಾಂಕಿನಲ್ಲಿ ಏಪ್ಟೇಶಿಯಾವನ್ನು ನಿಜಕ್ಕೂ ಇಲ್ಲವಾಗಿಸಿದ್ದು ಇದೊಂದೇ. ಇದಕ್ಕೆ ಶತ್ರುಗಳೂ ಹಲವು. ಹಲವು ಜಾತಿಯ ರಾಸ್ ಮೀನುಗಳು ಇದನ್ನು ನುಂಗುತ್ತವೆ, ಪೆಪ್ಪರ್‌ಮಿಂಟ್ ಸಿಗಡಿ ಇದನ್ನೂ ಇದರ ಮೊಟ್ಟೆಗಳನ್ನೂ ಬಿಡುವುದಿಲ್ಲ, ಪಂಪಿನ ಬಾಯಿಗೆ ಸ್ಪಂಜು ಕಟ್ಟದಿದ್ದರೆ ಅದರೊಳಗೂ ಸಿಕ್ಕಿಕೊಳ್ಳುತ್ತದೆ. ಅಂದರೆ ಸಿಗಡಿ ಮತ್ತು ಬರ್ಗಿಯಾ ಪರ್ಯಾಯಗಳೇ ಹೊರತು ಜೊತೆಗಾರರಲ್ಲ. ಸಿಗಡಿಯನ್ನು ಹಿಡಿದು ಹೊರಗೆ ಹಾಕಲಾಗದ ಟ್ಯಾಂಕಿಗೆ ಬರ್ಗಿಯಾ ತರುವುದು ದುಡ್ಡು ದಂಡ.

ನಿಮ್ಮಲ್ಲಿರುವುದು ಮೊಂಡು ತುದಿಯ ಗ್ರಹಣಾಂಗಗಳಿರುವ, ಹಸಿರು ಛಾಯೆಯ ಗಿಡ್ಡ ಮಜಾನೋ ಅನಿಮೋನ್ ಆಗಿದ್ದರೆ ಬರ್ಗಿಯಾ ಅದನ್ನು ಮೂಸಿಯೂ ನೋಡುವುದಿಲ್ಲ. ಅಲ್ಲಿ ಸುಣ್ಣದ ಪೇಸ್ಟೇ ಗತಿ.

ಬರ್ಗಿಯಾ ಬಿಡುವ ಮೊದಲು ಅತಿ ದೊಡ್ಡ ಏಪ್ಟೇಶಿಯಾಗಳನ್ನು ಪೇಸ್ಟ್‌ನಿಂದ ತೆಗೆದು, ಸಣ್ಣವು ಮತ್ತು ನಡುಗಾತ್ರದವುಗಳನ್ನು ಅದರ ಆಹಾರಕ್ಕೆ ಬಿಡುವುದು ನನ್ನ ಕ್ರಮ. ಬಿಟ್ಟ ಮೇಲೆ ಸಿರಿಂಜನ್ನು ಮುಟ್ಟುವುದಿಲ್ಲ. ಏಪ್ಟೇಶಿಯಾ ಮುಗಿದಂತೆ ಬರ್ಗಿಯಾ ಹಸಿವಿನಿಂದ ಸಾಯುವುದರಿಂದ, ಕಣ್ಣಿಗೆ ಬಿದ್ದವುಗಳನ್ನು ಪಿಪೆಟ್‌ನಿಂದ ಹೀರಿ ಸಂಪ್ (ಟ್ಯಾಂಕಿನ ಕೆಳಗಿರುವ, ನೀರು ಸೋಸುವ ತೊಟ್ಟಿ) ಮತ್ತು ಓವರ್‌ಫ್ಲೋ ಪೆಟ್ಟಿಗೆಗೆ ಸಾಗಿಸುತ್ತೇನೆ. ಟ್ಯಾಂಕ್ ಸ್ವಚ್ಛವಾದ ಮೇಲೂ ಅಲ್ಲಿನ ಗೋಡೆಗಳಲ್ಲಿ ಏಪ್ಟೇಶಿಯಾ ಉಳಿದಿರುತ್ತದೆ, ಅದರ ಚೂರುಗಳು, ನೀರನ್ನು ಟ್ಯಾಂಕಿಗೆ ಹಿಂದಿರುಗಿಸುವ ರಿಟರ್ನ್ ಪಂಪಿನ ಮೂಲಕ ಮತ್ತೆ ಬಂಡೆಯ ಮೇಲೆ ಬಂದು ಕೂರುತ್ತವೆ.