ಸ್ಟೋಮಾ ಚೀಲ ಧರಿಸಿದವರಿಗೆ ವಿಮಾನ ನಿಲ್ದಾಣದ ತಪಾಸಣೆ: ಎರಡು ನಿಲ್ದಾಣಗಳ ಅನುಭವ

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲದ ಕಾರಣ, ನಮ್ಮ ಕಡೆಯ ರೋಗಿಗಳು ಭದ್ರತಾ ತಪಾಸಣೆಯ ಸಾಲಿಗೆ ಬರುವ ಹೊತ್ತಿಗೆ ಮಂಗಳೂರಿಗೋ ಕಣ್ಣೂರಿಗೋ ಬೆಂಗಳೂರಿಗೋ ಹೋಗುವ ರಸ್ತೆಯಲ್ಲೇ ಅರ್ಧ ಬಳಲಿರುತ್ತಾರೆ. ನನ್ನ ತಾಯಿಗೆ ಕರುಳಿನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಮೇಲೆ ಕೊಲೊಸ್ಟೊಮಿ ಮಾಡಲಾಗಿದೆ. ಅಂದರೆ ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು (ಈ ತೆರಪನ್ನೇ ಸ್ಟೋಮಾ ಎನ್ನುತ್ತಾರೆ), ಮಲ ಸಂಗ್ರಹಕ್ಕೆ ಅಲ್ಲಿಯೇ ಒಂದು ಚೀಲ ಅಂಟಿಸಲಾಗುತ್ತದೆ. ಉತ್ತರ ಭಾರತದಲ್ಲಿರುವ ಅಣ್ಣನ ಮನೆಗೆ ಅವರನ್ನು ಕರೆದೊಯ್ದಾಗ ಹೋಗುವ ಮತ್ತು ಬರುವ ನಿಲ್ದಾಣಗಳಲ್ಲಿ ಕಂಡ ಸೇವೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಈ ಚೀಲದಲ್ಲಿ ಲೋಹವಿರುವುದಿಲ್ಲವಾದ್ದರಿಂದ ಹೋಗುವಾಗ ಲೋಹಶೋಧಕ ಕೂಗಲಿಲ್ಲ. ಆದರೆ ತಾಯಿ ಕೊಡವ ರೀತಿಯಲ್ಲಿ, ನೆರಿಗೆಯನ್ನು ಹಿಂದಕ್ಕೆ ಇಟ್ಟು ಸೀರೆ ಉಡುವುದರಿಂದ ಚೀಲದ ಉಬ್ಬು ತಪಾಸಕಿಯ ಕೈಗೆ ಕೂಡಲೇ ಸಿಕ್ಕಿತು. ಅವರು ಏನನ್ನೂ ಕೇಳದೆ ಎರಡು ಬಾರಿ ಒತ್ತಿ ನೋಡಿದರು, ಪರದೆಯಾಚೆಗೂ ಕೇಳುವಂತೆ "ಇದೇನು, ತೆಗೆದು ತೋರಿಸಿ" ಎಂದರು. ಚೀಲವನ್ನು ಚರ್ಮಕ್ಕೆ ಅಂಟಿನಿಂದ ಹಿಡಿದಿಡುವ ತಟ್ಟೆ ಹೀಗೆ ಒತ್ತಿದರೆ ಸಡಿಲಗೊಂಡು ಸೋರುವ ಸಾಧ್ಯತೆಯಿದೆ, ಮತ್ತು ಅದನ್ನು ನಿಂತ ಜಾಗದಲ್ಲಿ ತೆಗೆದು ತೋರಿಸುವುದು ಸಾಧ್ಯವೇ ಇಲ್ಲ. ತಂದೆ ಸೈನ್ಯದಲ್ಲಿದ್ದ ಕಾಲದಲ್ಲಿ ಕಲಿತ ಹಿಂದಿಯಿಂದ ತಾಯಿ ಹೇಗೋ ವಿವರಿಸಿದರು. ಹಿಂದಿ ಬಾರದ ನಾಪೋಕ್ಲಿನ ಒಬ್ಬ ಅಜ್ಜಿ ಅಲ್ಲಿದ್ದರೆ ಏನು ಮಾಡುತ್ತಿದ್ದರು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ವೈದ್ಯರ ಪತ್ರವನ್ನು ಓದಿ ನೋಡಿದ್ದು ಎಲ್ಲ ಮುಗಿದ ಮೇಲೆ.

ಬರುವಾಗಿನ ನಿಲ್ದಾಣದಲ್ಲಿ ಪತ್ರವನ್ನು ಮೊದಲೇ ಓದಿದ ಮಹಿಳಾ ಸಿಬ್ಬಂದಿ, "ಮಾತಾಜಿ, ಎಲ್ಲಿ ಮುಟ್ಟಬಾರದು ಹೇಳಿ" ಎಂದು ಮೆಲುದನಿಯಲ್ಲಿ ಕೇಳಿದರು. ಬಳಿಕ ಸೀರೆಯ ಮೇಲಿಂದ ಚೀಲವನ್ನು ತಾಯಿಯೇ ಸವರಿಕೊಳ್ಳುವಂತೆ ಹೇಳಿ, ತಾಯಿಯ ಅಂಗೈಯನ್ನು ಒಂದು ಪಟ್ಟಿಯಿಂದ ಒರೆಸಿ, ಸ್ಫೋಟಕದ ಕಣಗಳನ್ನು ಗುರುತಿಸುವ ಯಂತ್ರಕ್ಕೆ ಹಾಕಿದರು. ಭದ್ರತೆಗೂ ಲೋಪವಾಗಲಿಲ್ಲ, ತಾಯಿಯ ಮರ್ಯಾದೆಗೂ ಕುಂದು ಬರಲಿಲ್ಲ. ಈ ಸೇವೆಗೆ ನಾನು ಐದರಲ್ಲಿ ಐದು ಅಂಕ ಕೊಡುತ್ತೇನೆ. ಮೊದಲನೆಯದಕ್ಕೆ ಒಂದಕ್ಕಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ.

ಕೃತಕ ಕಾಲು ಧರಿಸುವ ನರ್ತಕಿ ಸುಧಾ ಚಂದ್ರನ್ ಅವರು ಪ್ರತಿ ಬಾರಿಯೂ ಅದನ್ನು ಕಳಚಬೇಕಾಗುತ್ತಿದೆ ಎಂದು 2021ರ ಅಕ್ಟೋಬರಿನಲ್ಲಿ ಪ್ರಧಾನಿಯವರಿಗೆ ಬಹಿರಂಗವಾಗಿ ಮನವಿ ಮಾಡಿಕೊಂಡಾಗ ದೇಶವೆಲ್ಲ ಆ ಮಾತನ್ನು ಕೇಳಿಸಿಕೊಂಡಿತು. ಹೆಸರಿಲ್ಲದ ರೋಗಿಗಳಿಗೆ ಅಂಥ ಧ್ವನಿಯಿಲ್ಲ. ಅಮೆರಿಕದಲ್ಲಿ ಪ್ರಯಾಣಕ್ಕೆ 72 ಗಂಟೆ ಮೊದಲು ಕರೆ ಮಾಡಿ ತಪಾಸಣೆಯ ವೇಳೆ ನೆರವು ಕೋರುವ ವ್ಯವಸ್ಥೆಯಿದೆ. ನಮ್ಮಲ್ಲಿ ಕನಿಷ್ಠ ಪಕ್ಷ, ವೈದ್ಯಕೀಯ ಸಾಧನ ಧರಿಸಿದವರು ಮೊದಲೇ ತಿಳಿಸಬಹುದು ಎಂಬ ಫಲಕವನ್ನು ಸಾಲಿನ ಆರಂಭದಲ್ಲೇ ಕನ್ನಡದಲ್ಲಿ ಹಾಕಬೇಕು. ನಾವು ಹೊರಟ ನಿಲ್ದಾಣದಲ್ಲಿ ಅಂಥದ್ದೊಂದು ನನ್ನ ಕಣ್ಣಿಗೆ ಬೀಳಲಿಲ್ಲ.

ಇದೇ ದಾರಿಯಲ್ಲಿ ಹೋಗುವವರಿಗೆ ಕೆಲವು ಮಾತು. ಪೇಸ್‌ಮೇಕರ್ ಇರುವವರು ಅದರ ಕಾರ್ಡನ್ನು ತೋರಿಸಿ, ಕೈಯಲ್ಲಿ ಹಿಡಿಯುವ ಶೋಧಕವನ್ನು ಎದೆಯ ಮೇಲೆ ಹೆಚ್ಚು ಹೊತ್ತು ಹಿಡಿಯದಂತೆ ಕೇಳಿಕೊಳ್ಳಬೇಕು. ಇನ್ಸುಲಿನ್ ಅನ್ನು ದೊಡ್ಡ ಲಗೇಜಿನಲ್ಲಿ ಹಾಕಬಾರದು, ಅಲ್ಲಿ ಹೆಪ್ಪುಗಟ್ಟಿ ಕೆಡಬಹುದು. ಸ್ಟೋಮಾ ಚೀಲದವರು ದಾರಿಯಲ್ಲಿ ವಿಳಂಬವಾದರೂ ಸಾಲುವಷ್ಟು ಚೀಲಗಳನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ, ಸಾಲಿಗೆ ನಿಲ್ಲುವ ಮೊದಲು ಶೌಚಾಲಯಕ್ಕೆ ಹೋಗಿ ಚೀಲ ಖಾಲಿ ಮಾಡಿಕೊಳ್ಳಿ. ಅಂಟು ತಟ್ಟೆಯ ರಂಧ್ರವನ್ನು ಮನೆಯಲ್ಲೇ ಅಳತೆಗೆ ಕತ್ತರಿಸಿಕೊಂಡು ಹೋಗುವುದು ಒಳ್ಳೆಯದು, ಏಕೆಂದರೆ ಕೈಚೀಲದಲ್ಲಿ ಕತ್ತರಿಯಿದ್ದರೆ ತಪಾಸಣೆಯಲ್ಲಿ ಅದನ್ನು ತೆಗೆದಿಟ್ಟುಕೊಳ್ಳಬಹುದು.